ಶೋಲಾ ಕಾಡಿನ ನೀಲಿ ಹಕ್ಕಿ

ಶಹಾಬಾದಿನ ಕಲ್ಲಿನ ಗಣಿಗಳ ನಡುವೆ ಬೆಳೆದವನು ನಾನು. ಒಂದೇ ಹಾಸೆಂದು ಕಾಣುವ ಬಂಡೆಯ ಅಂಚಿಗೆ ಕೆಲಸಗಾರನು ಉಳಿಯಿಟ್ಟು ಹೊಡೆದರೆ ಎರಡು ಪದರಗಳು ಬೇರ್ಪಡುತ್ತಿದ್ದವು. ಸಂದು ಮೊದಲೇ ಇತ್ತು. ನಮ್ಮ ಕಣ್ಣಿಗೆ ಬಿದ್ದಿರಲಿಲ್ಲ, ಅಷ್ಟೆ. ದಕ್ಷಿಣದ ಬೆಟ್ಟಗಳ ಪುಟ್ಟ ಹಕ್ಕಿಯೊಂದರ ಚರಿತ್ರೆಯನ್ನು ಓದುವಾಗ ನನಗೆ ಆ ಗಣಿಯೇ ನೆನಪಾಯಿತು.

೧೮೪೦ರ ದಶಕದಲ್ಲಿ ಮದರಾಸು ಸೇನೆಯ ವೈದ್ಯನಾಗಿದ್ದ ಜೆರ್ಡನ್, ನೀಲಗಿರಿಯ ಹಕ್ಕಿಯೊಂದನ್ನು ಶಾಸ್ತ್ರಕ್ಕೆ ಪರಿಚಯಿಸಿದನು. ಬೂದು ಬೆರೆತ ನೀಲಿ ಮೈ, ಇಟ್ಟಿಗೆಗೆಂಪು ಪಕ್ಕೆ, ಗಾತ್ರದಲ್ಲಿ ಗುಬ್ಬಿಯಷ್ಟು. ೧೮೬೦ರ ದಶಕದಲ್ಲಿ ಬ್ಲಾನ್‌ಫರ್ಡನು ಪಳನಿ ಬೆಟ್ಟದ ಬಿಳಿ ಹೊಟ್ಟೆಯ ಹಕ್ಕಿಗೆ ಬೇರೆ ಹೆಸರಿಟ್ಟನು. ಸಲೀಂ ಅಲಿ ಮತ್ತು ರಿಪ್ಲಿ ಅವರ ಗ್ರಂಥದಲ್ಲಿಯಾದರೋ ಇವೆರಡೂ ಒಂದೇ ಜಾತಿಯ ಉಪಜಾತಿಗಳಾಗಿ, ಹಿಮಾಲಯದ ಗಿಡ್ಡರೆಕ್ಕೆಯ ಹಕ್ಕಿಗಳ ಕುಲದಲ್ಲಿ ಕುಳಿತವು.

೨೦೦೫ರಲ್ಲಿ ರಾಸ್ಮುಸ್ಸೆನ್ ಮತ್ತು ಆಂಡರ್ಟನ್ ಅವರು ಇವನ್ನು ಮತ್ತೆ ಬೇರೆ ಬೇರೆ ಜಾತಿಗಳೆಂದರು. ೨೦೧೭ರಲ್ಲಿ ವಿ. ವಿ. ರಾಬಿನ್ ಮತ್ತು ಸಂಗಡಿಗರು ವಂಶವಾಹಿಗಳನ್ನು ಪರೀಕ್ಷಿಸಿ, ಇವು ಹಿಮಾಲಯದ ಆ ಕುಲಕ್ಕೆ ಸೇರಿದವೇ ಅಲ್ಲವೆಂದು ತೋರಿಸಿ, 'ಶೋಲಿಕೋಲ' ಎಂಬ ಹೊಸ ಕುಲವನ್ನು ಸ್ಥಾಪಿಸಿದರು. ಶೋಲಾ ಕಾಡಿನ ನಿವಾಸಿ ಎಂದು ಅದರ ಅರ್ಥ. ಅಗಸ್ತ್ಯಮಲೆಯ ಕಡೆಯ ಮೂರನೆಯ ಜಾತಿಯೊಂದಕ್ಕೂ ಆಗಲೇ ನಾಮಕರಣವಾಯಿತು.

ಇವನ್ನು ಬೇರ್ಪಡಿಸಿದ ಉಳಿ ಯಾವುದು? ತಗ್ಗು ನೆಲ. ನೀಲಗಿರಿ, ಬ್ರಹ್ಮಗಿರಿ, ಬಾಬಾಬುಡನ್‌ಗಿರಿಗಳ ಹಕ್ಕಿಗೂ ಪಳನಿಯ ಹಕ್ಕಿಗೂ ನಡುವೆ ಪಾಲ್ಘಾಟಿನ ಕಂಡಿಯಿದೆ. ಅದರ ಅಗಲ, ಸೇಡಂನಿಂದ ಚಿಂಚೋಳಿಗೆ ನೇರ ಗೆರೆ ಎಳೆದರೆ ಎಷ್ಟೋ ಹೆಚ್ಚುಕಡಿಮೆ ಅಷ್ಟೇ. ದಕ್ಷಿಣದ ಶೆಂಕೋಟೆಯ ಕಂಡಿಯಂತೂ ವಾಡಿಯಿಂದ ಶಹಾಬಾದಿಗಿರುವಷ್ಟು ದೂರ. ಚಿತ್ತಾಪುರದ ಸಂತೆಗೆ ಹೊರಟ ಕಾಗೆಗೆ ಅದೊಂದು ಲೆಕ್ಕವೆ? ಆದರೆ ತಂಪು ಕಾಡಿನ ನೆರಳು ಬಿಟ್ಟು ಬಯಲಿಗೆ ಬಾರದ ಈ ಹಕ್ಕಿಗೆ ಅದು ಸಮುದ್ರವೇ ಸರಿ.

ಹೆಸರು ಬದಲಾದರೆ ಹಕ್ಕಿಗೇನಾಯಿತು ಎಂದು ಕೇಳಬಹುದು. ಒಂದೇ ಜಾತಿಯೆಂದು ಎಣಿಸಿದಾಗ, ನೀಲಗಿರಿಯಲ್ಲಿ ಅಳಿದರೂ ಪಳನಿಯಲ್ಲಿ ಉಳಿದೀತೆಂಬ ಸಮಾಧಾನವಿತ್ತು. ಈಗ ಅದಿಲ್ಲ. ಚಹಾ, ನೀಲಗಿರಿ ಮರ, ಅಕೇಶಿಯ ತೋಪುಗಳು ಆ ಬೆಟ್ಟಗಳ ಮೂಲರೂಪವನ್ನು ಬಹುಮಟ್ಟಿಗೆ ಅಳಿಸಿವೆ. ಒಂದು ಬೆಟ್ಟದ ಹಕ್ಕಿಗೆ ಇನ್ನೊಂದು ಬೆಟ್ಟದ ಹಕ್ಕಿ ಬದಲಾಗದು.

ನಮ್ಮ ಚಿಂಚೋಳಿಯ ಕಾಡು ೨೦೧೧ರಲ್ಲಿ ಅಭಯಾರಣ್ಯವಾಯಿತು. ಅದು ಎಲೆಯುದುರುವ ಒಣ ಕಾಡು. ಅಲ್ಲಿ ಈ ನೀಲಿ ಹಕ್ಕಿ ಸಿಗದು. ಆದರೂ ಅಲ್ಲಿ ನಡೆಯುವಾಗ, ಒಂದೇ ಎಂದು ನಾನು ಗುರುತಿಸಿದ ಹಕ್ಕಿಗಳಲ್ಲಿ ಎಷ್ಟು ಸಂದುಗಳಿವೆಯೋ ಎಂದು ನಿಂತು ಕೇಳುತ್ತೇನೆ.