ಫಿಟ್ಸ್ ಕಂಡರೆ ಓಡುತ್ತೇವೆ, ಉಸಿರು ಎಣಿಸುವುದಿಲ್ಲ

ಸರ್ಕಾರಿ ಆಸ್ಪತ್ರೆಯಲ್ಲಿ ಮಕ್ಕಳ ಡಾಕ್ಟರಾಗಿ ನಾನು ಪದೇಪದೇ ಕೇಳುವ ಪ್ರಶ್ನೆ: "ಜ್ವರ ತಲೆಗೇರಿತಾ ಡಾಕ್ಟ್ರೇ?" ಇಲ್ಲ, ಜ್ವರ ತಲೆಗೇರುವುದಿಲ್ಲ. ಆರು ತಿಂಗಳಿಂದ ಐದು ವರ್ಷದೊಳಗಿನ 100 ಮಕ್ಕಳಲ್ಲಿ 2ರಿಂದ 5 ಮಕ್ಕಳಿಗೆ ಜ್ವರದ ಜೊತೆ ಫಿಟ್ಸ್ ಬರುತ್ತದೆ. ಕಣ್ಣು ಮೇಲಾಗಿ, ಕೈಕಾಲು ಸೆಟೆದು, ತುಟಿ ನೀಲಿಯಾದಾಗ ಮಗು ಕೈತಪ್ಪಿತು ಅಂತಲೇ ಅನ್ನಿಸುತ್ತೆ. ಆದರೆ ಬಹುತೇಕ ಫಿಟ್ಸ್ ಎರಡು ಮೂರು ನಿಮಿಷದಲ್ಲಿ ತಾನಾಗಿಯೇ ನಿಲ್ಲುತ್ತದೆ, ಮಿದುಳಿಗೆ ಹಾನಿ ಮಾಡುವುದಿಲ್ಲ. ಮೂವರಲ್ಲಿ ಒಬ್ಬರಿಗೆ ಇನ್ನೊಮ್ಮೆ ಬರಬಹುದು. ಹಾಗಂತ ಅದು ಮೂರ್ಛೆರೋಗ ಅಲ್ಲ. ಪ್ಯಾರಾಸಿಟಮಾಲ್‌ನಿಂದ ಮಗುವಿಗೆ ಹಾಯೆನಿಸುತ್ತದೆ, ಆದರೆ ಫಿಟ್ಸ್ ತಡೆಯುವ ಶಕ್ತಿ ಅದಕ್ಕಿಲ್ಲ.

ಮಗುವನ್ನು ಮಗ್ಗುಲಾಗಿ ಮಲಗಿಸಿ, ಗಡಿಯಾರ ನೋಡಿ. ಬಾಯಿಗೆ ಚಮಚ, ನೀರು, ಮಾತ್ರೆ ಏನೂ ಹಾಕಬೇಡಿ. ಕೈಗೆ ಕಬ್ಬಿಣ ಕೊಡೋದು, ಈರುಳ್ಳಿ ಮೂಸಿಸೋದು ದಂಡ. ಬರೆ ಹಾಕೋದು ಹಿಂಸೆ. ಐದು ನಿಮಿಷ ದಾಟಿದರೆ 108ಕ್ಕೆ ಕರೆ ಮಾಡಿ. ಬೇಗ ನಿಂತರೂ, ಮೊದಲ ಸಲವಾದರೆ ಅಂದೇ ಡಾಕ್ಟರಿಗೆ ತೋರಿಸಿ.

ನನಗೆ ಹೆಚ್ಚು ಭಯ ಹುಟ್ಟಿಸೋದು ನ್ಯುಮೋನಿಯಾ. ಅದು ಗಲಾಟೆ ಮಾಡುವುದಿಲ್ಲ. "ಶೀತ, ಕಫ ಅಷ್ಟೇ" ಅಂತ ಎರಡು ದಿನ ಕಳೆದುಹೋಗುತ್ತೆ. ಮಗು ಅಳದೆ ಇರುವಾಗ ಅಂಗಿ ಎತ್ತಿ, ಪೂರ್ತಿ ಒಂದು ನಿಮಿಷ ಉಸಿರು ಎಣಿಸಿ. ಎರಡು ತಿಂಗಳೊಳಗಿನ ಕೂಸಿಗೆ 60, ಒಂದು ವರ್ಷದೊಳಗೆ 50, ಐದು ವರ್ಷದೊಳಗೆ 40. ಅಷ್ಟು ಅಥವಾ ಅದಕ್ಕಿಂತ ಹೆಚ್ಚಿದ್ದರೆ ತೋರಿಸಲೇಬೇಕು. ಜ್ವರವೂ ಉಸಿರನ್ನು ಜೋರು ಮಾಡುತ್ತೆ, ನಿಜ. ಆದರೆ ಉಸಿರೆಳೆದಾಗ ಪಕ್ಕೆಯ ಕೆಳಭಾಗ ಒಳಕ್ಕೆ ಹೋಗುತ್ತಿದ್ದರೆ, ಮಗು ಹಾಲು ಕುಡಿಯದೆ ಮಂಕಾಗಿದ್ದರೆ ಜ್ವರ ಇಳಿಯಲಿ ಅಂತ ಕಾಯಬೇಡಿ. ಫಿಟ್ಸೂ ಬಂದು ಉಸಿರೂ ಜೋರಾಗಿದ್ದರೆ ಆಕ್ಸಿಜನ್ ಇರುವ ಆಸ್ಪತ್ರೆಗೇ ಹೋಗಬೇಕು. ಆಮ್ಲಜನಕದ ಕೊರತೆಯೋ ಮಿದುಳು ಪೊರೆಯ ಸೋಂಕೋ ಇರಬಹುದು.

ಇಲ್ಲಿಂದಾಚೆ ಇದು ರಾಜಕೀಯದ ವಿಷಯ. ಕೇಂದ್ರ ಸರ್ಕಾರ 2019ರಲ್ಲಿ 'ಸಾನ್ಸ್' ಅಭಿಯಾನ ಶುರು ಮಾಡಿ, 2025ರ ಹೊತ್ತಿಗೆ ಮಕ್ಕಳ ನ್ಯುಮೋನಿಯಾ ಸಾವನ್ನು ಸಾವಿರ ಜನನಕ್ಕೆ ಮೂರಕ್ಕಿಂತ ಕಡಿಮೆ ಮಾಡುವ ಗುರಿ ಇಟ್ಟಿತು. ದುಡ್ಡಿದ್ದವರ ಮಕ್ಕಳಿಗೆ ಮೊದಲೇ ಸಿಗುತ್ತಿದ್ದ ನ್ಯುಮೋಕಾಕಲ್ ಲಸಿಕೆ ದೇಶದ ಎಲ್ಲೆಡೆ ಉಚಿತವಾಗಿದ್ದು 2021ರಲ್ಲಿ. ಉಸಿರು ಎಣಿಸಿ, ಮೊದಲ ಡೋಸ್ ಅಮಾಕ್ಸಿಸಿಲಿನ್ ಕೊಟ್ಟು ಆಸ್ಪತ್ರೆಗೆ ಕಳಿಸುವ ಹೊಣೆ ಆಶಾ ಕಾರ್ಯಕರ್ತೆಯದ್ದು. ಸರ್ಕಾರದ ಕಡತದಲ್ಲಿ ಮಾತ್ರ ಆಕೆ ಇನ್ನೂ 'ಸ್ವಯಂಸೇವಕಿ'!

ಬಜೆಟ್ ಇಲ್ಲ ಅನ್ನೋ ಮಾತನ್ನು ನಾನು ಪೂರ್ತಿ ಒಪ್ಪಲ್ಲ. ಢಾಕಾದ ಆಸ್ಪತ್ರೆಯೊಂದರ ವೈದ್ಯರು ಆಕ್ಸಿಜನ್ ಕೊಳವೆಯ ತುದಿಯನ್ನು ನೀರು ತುಂಬಿದ ಶಾಂಪೂ ಬಾಟಲಿಯಲ್ಲಿ ಮುಳುಗಿಸಿ, ಆ ಒತ್ತಡದಿಂದ ಮಕ್ಕಳ ಶ್ವಾಸಕೋಶ ಮುಚ್ಚಿಕೊಳ್ಳದಂತೆ ನೋಡಿಕೊಂಡರು. 2015ರಲ್ಲಿ ಲ್ಯಾನ್ಸೆಟ್‌ನಲ್ಲಿ ಬಂದ ಅವರ ಪ್ರಯೋಗದಲ್ಲಿ ಸಾಮಾನ್ಯ ಆಕ್ಸಿಜನ್ ಪಡೆದವರಲ್ಲಿ ಶೇ. 15 ಮಕ್ಕಳು ತೀರಿಕೊಂಡರೆ, ಈ ವಿಧಾನದಲ್ಲಿ ಶೇ. 4. ಬಾಟಲಿ ಅಗ್ಗ. ಪಕ್ಕದಲ್ಲಿ ರಾತ್ರಿಯಿಡೀ ನಿಂತು ನೋಡಿಕೊಳ್ಳುವ ತರಬೇತಾದ ನರ್ಸ್ ಅಗ್ಗವಲ್ಲ, ಕೊರತೆ ಇರೋದೂ ಅಲ್ಲೇ.

ನಿಮ್ಮೂರಿನ ಪಿಎಚ್‌ಸಿಗೆ ಹೋಗಿ ಕೇಳಿ: ಮಕ್ಕಳ ಬೆರಳಿಗೆ ಹೊಂದುವ ಪಲ್ಸ್ ಆಕ್ಸಿಮೀಟರ್ ಇದೆಯಾ? ಸಿಲಿಂಡರ್ ತುಂಬಿದೆಯಾ? ಫಿಟ್ಸ್ ನಿಲ್ಲಿಸುವ ಮಿಡಜೋಲಾಮ್ ಸ್ಟಾಕ್ ಇದೆಯಾ? ರಾತ್ರಿ ಡ್ಯೂಟಿಯಲ್ಲಿ ಯಾರಿರ್ತಾರೆ? ಗ್ರಾಮಸಭೆಯಲ್ಲಿ ಕೇಳಿದರೆ ಇನ್ನೂ ಒಳ್ಳೆಯದು, ಉತ್ತರ ನಡಾವಳಿ ಪುಸ್ತಕಕ್ಕೆ ಸೇರುತ್ತೆ.