ಅದಿರಿಲ್ಲದ ಗಣಿ ಕಂಪನಿ: ಖನಿಜ ಶೋಧ ಉದ್ಯಮದ ಹಣಕಾಸು ನಡೆಯುವ ಬಗೆ

ಬೆಂಗಳೂರು: ಗಣಿ ಕಂಪನಿ ಎಂದೊಡನೆ ಕನ್ನಡಿಗರ ನೆನಪಿಗೆ ಬರುವುದು ರಾಯಚೂರು ಜಿಲ್ಲೆಯ ಹಟ್ಟಿ ಅಥವಾ 2001ರಲ್ಲಿ ಬಾಗಿಲು ಮುಚ್ಚಿದ ಕೋಲಾರದ ಚಿನ್ನದ ಗಣಿ. ಆದರೆ ಒಂದು ಗ್ರಾಂ ಚಿನ್ನವನ್ನೂ ಮಾರದೆ ಹತ್ತಾರು ವರ್ಷ ಷೇರುಪೇಟೆಯಲ್ಲಿ ಉಳಿಯುವ ಗಣಿ ಕಂಪನಿಗಳೂ ಇವೆ. ಉದ್ಯಮದಲ್ಲಿ ಇವುಗಳನ್ನು 'ಜೂನಿಯರ್' ಕಂಪನಿಗಳೆಂದು ಕರೆಯಲಾಗುತ್ತದೆ. ಇವುಗಳ ಕೆಲಸ ಗಣಿಗಾರಿಕೆಯಲ್ಲ, ನಿಕ್ಷೇಪದ ಶೋಧ. ಕೆನಡಾ ಮತ್ತು ಆಸ್ಟ್ರೇಲಿಯಾ ಈ ಉದ್ಯಮದ ತವರು.

ಆದಾಯದ ಮೂಲ ಯಾವುದು?

ಜೂನಿಯರ್ ಕಂಪನಿಗೆ ಮಾರಾಟದ ಆದಾಯ ಇರುವುದಿಲ್ಲ. ಭೂಪ್ರದೇಶದ ಶೋಧ ಹಕ್ಕು ಪಡೆದು, ಮಣ್ಣು ಹಾಗೂ ಶಿಲೆಯ ಮಾದರಿ ಸಂಗ್ರಹಿಸಿ, ಬಳಿಕ ಭೂಮಿಯನ್ನು ಕೊರೆದು ಪರೀಕ್ಷಿಸುವುದು ಅದರ ದಿನಚರಿ. ಈ ವೆಚ್ಚವನ್ನು ಭರಿಸುವುದು ಹೊಸ ಷೇರುಗಳ ಮಾರಾಟದಿಂದ. ಆದಾಯವೂ ಅಡಮಾನಕ್ಕೆ ಆಸ್ತಿಯೂ ಇಲ್ಲದ ಕಾರಣ ಬ್ಯಾಂಕುಗಳು ಸಾಲ ನೀಡಲು ಹಿಂಜರಿಯುತ್ತವೆ.

ಕೆನಡಾದಲ್ಲಿ ಇದಕ್ಕೆ ತೆರಿಗೆಯ ಆಸರೆಯೂ ಉಂಟು. 'ಫ್ಲೋ-ಥ್ರೂ' ಷೇರು ಪದ್ಧತಿಯಲ್ಲಿ ಕಂಪನಿಯು ತನ್ನ ಶೋಧ ವೆಚ್ಚವನ್ನು ಷೇರುದಾರರಿಗೆ ವರ್ಗಾಯಿಸಬಹುದು. ಅವರು ಅದನ್ನು ತಮ್ಮ ತೆರಿಗೆಯ ಲೆಕ್ಕದಲ್ಲಿ ಕಳೆದುಕೊಳ್ಳಬಹುದು.

ಶೋಧ ಫಲಿಸಿದರೂ ಕಂಪನಿ ತಾನೇ ಗಣಿ ತೆರೆಯುವುದು ಅಪರೂಪ. ದೊಡ್ಡ ಕಂಪನಿಗೆ ನಿಕ್ಷೇಪವನ್ನು ಮಾರುವುದು, ಪಾಲುದಾರಿಕೆಗೆ ಒಪ್ಪುವುದು ಅಥವಾ ತನ್ನನ್ನೇ ಮಾರಿಕೊಳ್ಳುವುದು ಲಾಭದ ದಾರಿ.

ಕರಗುವ ಪಾಲು

ಹೂಡಿಕೆದಾರರು ಮೊದಲು ಅರಿಯಬೇಕಾದುದು ಪಾಲು ಕರಗುವ ಬಗೆಯನ್ನು. ಉದಾಹರಣೆಗೆ, ಒಂದು ಕಂಪನಿಯ 2 ಕೋಟಿ ಷೇರುಗಳ ಪೈಕಿ 2 ಲಕ್ಷ ಷೇರು ಹೊಂದಿದವರ ಪಾಲು ಶೇ 1. ಕೊರೆತದ ವೆಚ್ಚಕ್ಕೆಂದು ಕಂಪನಿ ಒಂದು ಕೋಟಿ ಹೊಸ ಷೇರು ಹೊರತಂದರೆ ಆ ಪಾಲು ಶೇ 0.67ಕ್ಕೆ ಇಳಿಯುತ್ತದೆ. ಮತ್ತೊಂದು ಕೋಟಿ ಸೇರಿದರೆ ಶೇ 0.5. ಷೇರುದಾರರು ಒಂದು ಷೇರನ್ನೂ ಮಾರಿಲ್ಲ. ಆದರೂ ಪಾಲು ಅರ್ಧವಾಗಿದೆ. ಪೇಟೆ ಕುಸಿದಾಗ ಕಡಿಮೆ ದರಕ್ಕೆ ಹೆಚ್ಚು ಷೇರು ಮಾರಬೇಕಾಗುವುದರಿಂದ ನಷ್ಟ ಇನ್ನೂ ಹೆಚ್ಚು.

ಲೆಕ್ಕಪತ್ರದಲ್ಲೂ ಒಂದು ಸೂಕ್ಷ್ಮವಿದೆ. ಅಂತರರಾಷ್ಟ್ರೀಯ ಲೆಕ್ಕಪತ್ರ ಮಾನದಂಡಗಳಂತೆಯೇ ಭಾರತದ ಮಾನದಂಡವೂ ಶೋಧ ವೆಚ್ಚವನ್ನು ಆಸ್ತಿ ಎಂದು ತೋರಿಸಲು ಅವಕಾಶ ನೀಡುತ್ತದೆ. ಹೀಗಾಗಿ ಆಸ್ತಿಪಟ್ಟಿಯಲ್ಲಿ ಕಾಣುವ ಕೋಟಿಗಳು ನೆಲದಡಿಯ ಚಿನ್ನದ ಬೆಲೆಯಲ್ಲ, ಈಗಾಗಲೇ ಖರ್ಚಾದ ಹಣ. ನೆಲ ಬರಡೆಂದು ತಿಳಿದ ದಿನ ಆ ಮೊತ್ತವನ್ನು ಅಳಿಸಿಹಾಕಬೇಕಾಗುತ್ತದೆ.

ಬ್ರೆ-ಎಕ್ಸ್ ಕಲಿಸಿದ ಪಾಠ

ಈ ಉದ್ಯಮದ ಅತಿ ದೊಡ್ಡ ವಂಚನೆ ನಡೆದದ್ದು ಕೆನಡಾದ ಕ್ಯಾಲ್ಗರಿ ಮೂಲದ ಬ್ರೆ-ಎಕ್ಸ್ ಮಿನರಲ್ಸ್ ಕಂಪನಿಯಲ್ಲಿ. 1993ರಲ್ಲಿ ಇಂಡೊನೇಷ್ಯಾದ ಬುಸಾಂಗ್ ಪ್ರದೇಶವನ್ನು ಪಡೆದ ಈ ಕಂಪನಿ, ಅಲ್ಲಿ ಅಪಾರ ಚಿನ್ನವಿದೆ ಎಂದು ಪ್ರಕಟಿಸುತ್ತ ಹೋಯಿತು. 1997ರ ಆರಂಭದಲ್ಲಿ ಅದು ಹೇಳಿಕೊಂಡ ಪ್ರಮಾಣ ಸುಮಾರು 7.1 ಕೋಟಿ ಔನ್ಸ್. ಉತ್ತುಂಗದಲ್ಲಿ ಕಂಪನಿಯ ಪೇಟೆ ಮೌಲ್ಯ ಸುಮಾರು 600 ಕೋಟಿ ಕೆನಡಾ ಡಾಲರ್‌ ತಲುಪಿತ್ತು.

ಸಾಮಾನ್ಯವಾಗಿ ಕೊರೆದು ತೆಗೆದ ಶಿಲಾದಂಡವನ್ನು ಉದ್ದಕ್ಕೆ ಸೀಳಿ, ಅರ್ಧವನ್ನು ಮರುಪರಿಶೀಲನೆಗೆ ಕಾಯ್ದಿರಿಸುತ್ತಾರೆ. ಬುಸಾಂಗ್‌ನಲ್ಲಿ ಬಹುತೇಕ ಇಡೀ ದಂಡವನ್ನೇ ಪುಡಿ ಮಾಡಲಾಗುತ್ತಿತ್ತು. ಆ ಪುಡಿಗೆ ಹೊರಗಿನ ಚಿನ್ನದ ಕಣಗಳನ್ನು ಬೆರೆಸಲಾಗಿತ್ತು. ಪಾಲುದಾರನಾಗಿ ಬಂದ ಫ್ರೀಪೋರ್ಟ್-ಮೆಕ್‌ಮೊರಾನ್ ಕಂಪನಿ ಅದೇ ಕೊಳವೆಗಳ ಪಕ್ಕದಲ್ಲಿ ಕೊರೆದಾಗ ಸಿಕ್ಕ ಚಿನ್ನ ನಗಣ್ಯ. ಕಂಪನಿಯ ಭೂವಿಜ್ಞಾನಿ ಮೈಕೆಲ್ ಡಿ ಗುಜ್ಮಾನ್ 1997ರ ಮಾರ್ಚ್‌ನಲ್ಲಿ ಹೆಲಿಕಾಪ್ಟರ್‌ನಿಂದ ಬಿದ್ದು ಸತ್ತರೆಂದು ವರದಿಯಾಯಿತು. ಮೇ ತಿಂಗಳಲ್ಲಿ ಸ್ಟ್ರಾತ್‌ಕೋನಾ ಸಂಸ್ಥೆಯ ಸ್ವತಂತ್ರ ವರದಿ ವಂಚನೆಯನ್ನು ದೃಢಪಡಿಸಿತು. ಷೇರುಗಳು ಬೆಲೆ ಕಳೆದುಕೊಂಡವು; ಪಿಂಚಣಿ ನಿಧಿಗಳೂ ಸಾಮಾನ್ಯ ಹೂಡಿಕೆದಾರರೂ ಹಣ ಕಳೆದುಕೊಂಡರು.

ಇದರ ಫಲವಾಗಿ ಕೆನಡಾ 2001ರಲ್ಲಿ 'ಎನ್ಐ 43-101' ನಿಯಮ ಜಾರಿಗೆ ತಂದಿತು. ನಿಕ್ಷೇಪದ ಅಂಕಿ ಅಂಶ ಪ್ರಕಟಿಸುವ ಮುನ್ನ ಅರ್ಹ ತಜ್ಞರ ಹೊಣೆಗಾರಿಕೆ ಈಗ ಕಡ್ಡಾಯ.

ಕರ್ನಾಟಕದ ಅನುಭವ

ಭಾರತದಲ್ಲಿ ಈ ಬಗೆಯ ಕಂಪನಿಗಳು ವಿರಳ. ಮುಂಬೈ ಷೇರು ವಿನಿಮಯ ಕೇಂದ್ರದಲ್ಲಿ ನೋಂದಣಿಯಾದ ಡೆಕ್ಕನ್ ಗೋಲ್ಡ್ ಮೈನ್ಸ್ ಅಂಥದ್ದೊಂದು. ಹಾವೇರಿ ಜಿಲ್ಲೆಯ ಗಣಜೂರಿನಲ್ಲಿ ಚಿನ್ನದ ನಿಕ್ಷೇಪ ಶೋಧಿಸಿದ್ದ ಈ ಸಮೂಹ, ಗಣಿ ಗುತ್ತಿಗೆಗೂ ಅರ್ಜಿ ಸಲ್ಲಿಸಿತ್ತು. ಅಷ್ಟರಲ್ಲಿ ಕಾನೂನು ಬದಲಾಯಿತು. 2015ರ ತಿದ್ದುಪಡಿ ಗಣಿ ಹಂಚಿಕೆಗೆ ಹರಾಜು ಪದ್ಧತಿ ತಂದರೂ ಹಳೆಯ ಶೋಧಕರ ಹಕ್ಕನ್ನು ಉಳಿಸಿತ್ತು. 2021ರ ತಿದ್ದುಪಡಿ ಅಂಥ ಬಾಕಿ ಪ್ರಕರಣಗಳನ್ನು ಕೊನೆಗೊಳಿಸಿತು. ನೆಲದಡಿ ಚಿನ್ನವಿದ್ದರೂ ಕೈಯಲ್ಲಿ ಹಕ್ಕುಪತ್ರವಿಲ್ಲದಿದ್ದರೆ ಷೇರುದಾರರಿಗೆ ಫಲವಿಲ್ಲ ಎಂಬುದು ಇಲ್ಲಿನ ಪಾಠ.

2023ರ ತಿದ್ದುಪಡಿ ಚಿನ್ನವೂ ಸೇರಿದಂತೆ 29 ಖನಿಜಗಳಿಗೆ ಪ್ರತ್ಯೇಕ ಶೋಧ ಪರವಾನಗಿ ರೂಪಿಸಿತು. ಇದರಡಿ ಶೋಧಕನಿಗೆ ದೊರೆಯುವುದು ಗಣಿಯಲ್ಲ. ಮುಂದೆ ಗಣಿ ಹರಾಜಾದಾಗ ಬರುವ ಪ್ರೀಮಿಯಂನಲ್ಲಿ ಪಾಲು.

ಗಮನಿಸಬೇಕಾದ ಅಂಶಗಳು

* ಕಂಪನಿಯ ಬಳಿ ಉಳಿದಿರುವ ನಗದು ಎಷ್ಟು ತಿಂಗಳಿಗೆ ಸಾಕು? ಆಸ್ಟ್ರೇಲಿಯಾದಲ್ಲಿ ಶೋಧ ಕಂಪನಿಗಳು ಪ್ರತಿ ತ್ರೈಮಾಸಿಕ ಈ ಲೆಕ್ಕ ಒಪ್ಪಿಸಬೇಕು.
* ಕಳೆದ ಐದು ವರ್ಷಗಳಲ್ಲಿ ಷೇರುಗಳ ಸಂಖ್ಯೆ ಎಷ್ಟು ಹೆಚ್ಚಿದೆ?
* ವೆಚ್ಚದ ಹೆಚ್ಚಿನ ಭಾಗ ಕೊರೆತಕ್ಕೆ ಹೋಗಿದೆಯೇ, ಅಥವಾ ಸಂಬಳ, ಕಚೇರಿ, ಪ್ರಚಾರಕ್ಕೆ ಹೋಗಿದೆಯೇ?
* ಪ್ರಕಟಿಸಿರುವುದು 'ರಿಸೋರ್ಸ್' ಅಥವಾ 'ರಿಸರ್ವ್'? ಮೊದಲನೆಯದು ಭೂಮಿಯಲ್ಲಿರಬಹುದಾದ ಪ್ರಮಾಣದ ಅಂದಾಜು. ಎರಡನೆಯದು ಲಾಭದಾಯಕವಾಗಿ ತೆಗೆಯಬಹುದೆಂದು ಅಧ್ಯಯನದಿಂದ ತಿಳಿದ ಭಾಗ.
* ಶೋಧ ಹಕ್ಕಿನ ಅವಧಿ ಎಂದು ಮುಗಿಯುತ್ತದೆ? ನಿಕ್ಷೇಪ ಸಿಕ್ಕರೆ ಗಣಿ ಗುತ್ತಿಗೆ ಯಾರಿಗೆ?

ಈ ಪ್ರಶ್ನೆಗಳಿಗೆ ವಾರ್ಷಿಕ ವರದಿಯಲ್ಲಿ ಸ್ಪಷ್ಟ ಉತ್ತರ ದೊರೆಯದಿದ್ದರೆ, ಪತ್ರಿಕಾ ಪ್ರಕಟಣೆಯಲ್ಲಿ ಹೊಳೆಯುವ ಚಿನ್ನವನ್ನು ನಂಬಿ ಉಳಿತಾಯದ ಹಣ ತೊಡಗಿಸುವುದು ಅಪಾಯಕರ.