ಪೋಲಾಳ್ವ ದಂಡನಾಯಕ
ಹೊಯ್ಸಳ ದೊರೆ ಇಮ್ಮಡಿ ವೀರನರಸಿಂಹನ ಮಂತ್ರಿ, ಸೇನಾನಿ, 13ನೆಯ ಶತಮಾನದವನು. ಉತ್ತರದ ಸೇವುಣರೊಡನೆ ಹೊಯ್ಸಳರು ಸೆಣಸಿದ ತುಂಗಭದ್ರಾ ಸೀಮೆಯಲ್ಲಿ, ಇಂದಿನ ದಾವಣಗೆರೆ ಜಿಲ್ಲೆಯ ಹರಿಹರದಲ್ಲಿ, ಸುಮಾರು 1223-24ರಲ್ಲಿ ಹರಿಹರೇಶ್ವರ ದೇವಾಲಯವನ್ನು ಕಟ್ಟಿಸಿದ. ಗರ್ಭಗುಡಿಯ ಮೂರ್ತಿಯ ಬಲಭಾಗ ಶಿವ, ಎಡಭಾಗ ವಿಷ್ಣು. ಶೈವ ವೈಷ್ಣವ ಭಕ್ತಿಗಳೆರಡನ್ನೂ ಒಂದೇ ಪೀಠದಲ್ಲಿ ನಿಲ್ಲಿಸಿದ ಈ ನಿರ್ಮಾಣ ಅವನ ಯಾವುದೇ ಯುದ್ಧಕ್ಕಿಂತ ಹಿರಿದು. ಕಡೆದ ಕಂಬಗಳ ವಿಶಾಲ ತೆರೆದ ಮಂಟಪ ಅದರ ಸೊಬಗು. ಪೋಲಾಳ್ವ ಕತ್ತಿಯ ಜೊತೆಗೆ ಲೇಖನಿಯನ್ನೂ ಹಿಡಿದವನು: ‘ಹರಿಚಾರಿತ್ರ’ವೆಂಬ ಕಾವ್ಯ ಇವನದೆಂದು ಸಾಹಿತ್ಯ ಚರಿತ್ರೆಕಾರರು ಗುರುತಿಸಿದ್ದಾರೆ. ಮುಂದೆ ಹೊಯ್ಸಳ ದೊರೆ ಮೂರನೆಯ ನರಸಿಂಹನ ಸೇನಾನಿ, ಸೋಮನಾಥಪುರದ ಕೇಶವ ದೇವಾಲಯವನ್ನು ಕಟ್ಟಿಸಿದ ಸೋಮ ದಂಡನಾಯಕ, 1268ರಲ್ಲಿ ಹರಿಹರದ ಗುಡಿಯನ್ನು ವಿಸ್ತರಿಸಿದ. ದೇವಾಲಯದ ಆವರಣದಲ್ಲಿ ಹಳಗನ್ನಡ ಶಾಸನಗಳು ಉಳಿದಿವೆ.